ಕಡಲಾಚೆಯ ಕೀಬೋರ್ಡ್: ಕಾರ್ಟ್‌ಗೆ ಹಾಕುವ ಮುನ್ನ

ಹತ್ತು ವರ್ಷದ ಹಿಂದೆ ಮೆಕ್ಯಾನಿಕಲ್ ಕೀಬೋರ್ಡ್ ಎಂದರೆ ಗೇಮ್ ಆಡುವ ಹುಡುಗರ ಮತ್ತು ಕೈತುಂಬ ಸಂಬಳ ಎಣಿಸುವ ಪ್ರೋಗ್ರಾಮರ್‌ಗಳ ಶೋಕಿಯಾಗಿತ್ತು. ಈಗ ಡಿಟಿಪಿ ಮಾಡುವವರು, ಅನುವಾದಕರು, ಕಾಲೇಜು ವಿದ್ಯಾರ್ಥಿಗಳು, ದಿನವಿಡೀ ವರದಿ ಕುಟ್ಟುವ ಪತ್ರಕರ್ತರು ಎಲ್ಲರ ಕಣ್ಣೂ ಅದರ ಮೇಲಿದೆ. ಬೆಲೆ ಇಳಿದಿರುವುದೇ ಇದಕ್ಕೆ ಕಾರಣ. ಬೆಲೆ ಇಳಿದದ್ದರ ಹಿಂದೆ ಒಂದು ಪೇಟೆಂಟಿನ ಕತೆಯಿದೆ. ಇಂಥ ಕೀಬೋರ್ಡುಗಳ ಜೀವವಾದ ಎಂಎಕ್ಸ್ ಸ್ವಿಚ್ಚನ್ನು 1980ರ ದಶಕದಲ್ಲಿ ರೂಪಿಸಿದ್ದು ಜರ್ಮನಿಯ ಚೆರ್ರಿ ಕಂಪನಿ. ಅದರ ಪೇಟೆಂಟ್ ಅವಧಿ 2014ರ ಹೊತ್ತಿಗೆ ಮುಗಿಯಿತು. ಗೇಟೆರಾನ್, ಕೈಲ್, ಔಟೆಮು ಮುಂತಾದ ಚೀನೀ ತಯಾರಕರು ಅದೇ ವಿನ್ಯಾಸದ ಸ್ವಿಚ್ಚುಗಳನ್ನು ರಾಶಿರಾಶಿಯಾಗಿ ಮಾಡತೊಡಗಿದರು. ಮೊದಲು ‘ನಕಲಿ’ ಎಂದು ಮೂಗು ಮುರಿದವರೇ ಆಮೇಲೆ ಇವುಗಳಲ್ಲಿ ಕೆಲವು ಮೂಲಕ್ಕಿಂತ ನಯವಾಗಿವೆ ಎನ್ನತೊಡಗಿದರು.

ಹೀಗಾಗಿ ಇವತ್ತು 35, 40 ಡಾಲರ್‌ಗೆ ಮುದ್ದಾದ ಕೀಬೋರ್ಡ್‌ಗಳು ವಿದೇಶಿ ಜಾಲತಾಣಗಳಲ್ಲಿ ಸಿಗುತ್ತವೆ. ಆದರೆ ಪರದೆಯ ಮೇಲಿನ ಆ ಸಂಖ್ಯೆಗೂ ನಿಮ್ಮ ಜೇಬಿನಿಂದ ಕೊನೆಗೆ ಹೋಗುವ ಮೊತ್ತಕ್ಕೂ ಅಜಗಜಾಂತರ ಇರಬಹುದು. ಬಂದ ಕೀಬೋರ್ಡ್ ಕನ್ನಡ ಟೈಪಿಸಲು ಒದಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಹಣ ಕಟ್ಟುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಬೆರಳಿಗೆ ಒಗ್ಗುವ ಸ್ವಿಚ್

ಮಾಮೂಲಿ ಕೀಬೋರ್ಡಿನೊಳಗೆ ಎಲ್ಲ ಕೀಲಿಗಳ ಅಡಿಗೂ ಒಂದೇ ರಬ್ಬರ್ ಹಾಳೆ ಇರುತ್ತದೆ. ಒತ್ತಿದಾಗ ಅದರ ಗುಬ್ಬಿ ಕುಸಿದು ಕೆಳಗಿನ ಸರ್ಕ್ಯೂಟ್ ಕೂಡಿಕೊಳ್ಳುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಸ್ವಂತ ಸ್ಪ್ರಿಂಗ್, ಸ್ವಂತ ಸ್ವಿಚ್. ಚೆರ್ರಿಯ ಕೆಂಪು ಸ್ವಿಚ್ ಒಟ್ಟು 4 ಮಿ.ಮೀ. ಕೆಳಗಿಳಿಯುತ್ತದೆ, ಆದರೆ 2 ಮಿ.ಮೀ. ಇಳಿದಾಗಲೇ ಅಕ್ಷರ ಮೂಡಿರುತ್ತದೆ. ತಳ ಮುಟ್ಟುವ ತನಕ ಗುದ್ದಬೇಕಿಲ್ಲ. ದಿನಕ್ಕೆ ಸಾವಿರಾರು ಪದ ಟೈಪಿಸುವವರಿಗೆ ಈ ಅರ್ಧ ದಾರಿಯ ಉಳಿತಾಯ ಸಂಜೆಯ ಹೊತ್ತಿಗೆ ಬೆರಳಿನಲ್ಲಿ ಗೊತ್ತಾಗುತ್ತದೆ.

ಬಣ್ಣದ ಹೆಸರುಗಳು ಚೆರ್ರಿಯಿಂದಲೇ ಬಂದವು. ಕೆಂಪು ಸಲೀಸಾಗಿ ಇಳಿಯುತ್ತದೆ. ಕಂದು ನಡುವಿನಲ್ಲಿ ಸಣ್ಣ ಉಬ್ಬೊಂದನ್ನು ದಾಟಿದಂತೆ ಅನಿಸುತ್ತದೆ. ನೀಲಿ ಆ ಉಬ್ಬಿನ ಜೊತೆಗೆ ಟಿಕ್ ಟಿಕ್ ಎಂದು ಸದ್ದನ್ನೂ ಮಾಡುತ್ತದೆ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಬರೆಯುವ ಅಭ್ಯಾಸವಿದ್ದರೆ ನೀಲಿಯ ಹಂಬಲ ಬಿಡಿ. ಕಚೇರಿಯಲ್ಲಿ ಪಕ್ಕದ ಮೇಜಿನವರ ಶಾಪವೂ ತಪ್ಪುವುದಿಲ್ಲ. ಈ ಮೂರು ಬಣ್ಣಗಳಾಚೆಗೆ ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ. ಗೇಟೆರಾನ್‌ನ ಹಳದಿ ಸಲೀಸಿನದು, ಕೈಲ್ ಬಾಕ್ಸ್‌ನ ಬಿಳಿ ಸದ್ದಿನದು. ಆದ್ದರಿಂದ ಬಣ್ಣ ನೋಡಿ ನಿರ್ಧರಿಸದೆ, ಅದು ಲೀನಿಯರೋ (ಸಲೀಸು), ಟ್ಯಾಕ್ಟೈಲೋ (ಉಬ್ಬು), ಕ್ಲಿಕ್ಕಿಯೋ (ಸದ್ದು) ಎಂಬ ಪದವನ್ನು ವಿವರಗಳಲ್ಲಿ ಹುಡುಕಿ.

ಓದಿ ತಿಳಿಯುವ ಸಂಗತಿ ಇದಲ್ಲ. ಬೆಂಗಳೂರಿನವರಾದರೆ ಎಸ್‌.ಪಿ. ರೋಡಿಗೆ ಒಂದು ಸುತ್ತು ಹೋಗಿ, ಅಂಗಡಿಯಲ್ಲಿ ಹೊರಗಿಟ್ಟ ಕೀಬೋರ್ಡುಗಳ ಮೇಲೆ ಎರಡು ಸಾಲು ಬರೆದು ನೋಡಿ. ಬೇರೆ ಊರಿನವರಾದರೆ ಗೆಳೆಯರ ಕೀಬೋರ್ಡ್ ಹತ್ತು ನಿಮಿಷ ಕೇಳಿ ಪಡೆಯಿರಿ. ವಿದೇಶದಿಂದ ತರಿಸಿದ ಮೇಲೆ ‘ಯಾಕೋ ಕೈಗೆ ಹಿಡಿಸಲಿಲ್ಲ’ ಎಂದು ವಾಪಸ್ ಕಳಿಸುವುದು ಹೆಚ್ಚುಕಮ್ಮಿ ಅಸಾಧ್ಯ. ಹಿಂದಿರುಗಿಸುವ ಕೊರಿಯರ್ ಖರ್ಚೇ ಕೀಬೋರ್ಡಿನ ಅರ್ಧ ಬೆಲೆ ಮುಟ್ಟೀತು.

ಈ ಅಪಾಯಕ್ಕೆ ಒಂದು ಪರಿಹಾರ ಹಾಟ್‌ಸ್ವಾಪ್. ಸ್ವಿಚ್ಚನ್ನು ಬೆಸುಗೆ ಹಾಕದೆ ಸಾಕೆಟ್ಟಿಗೆ ಸಿಕ್ಕಿಸಿರುತ್ತಾರೆ. ಬೇಡವಾದರೆ ಕಿತ್ತು ಬೇರೆಯದನ್ನು ಕೂರಿಸಬಹುದು. ಒಂದು ಕೀಲಿ ಕೆಟ್ಟರೆ ಆ ಒಂದೇ ಸ್ವಿಚ್ ಬದಲಿಸಿದರೆ ಆಯಿತು, ರಿಪೇರಿಯವರನ್ನು ಹುಡುಕಬೇಕಿಲ್ಲ. ಇಲ್ಲಿ ಸರ್ವಿಸ್ ಸೆಂಟರ್ ಇಲ್ಲದ ಕಂಪನಿಯಿಂದ ಕೊಳ್ಳುವವರು ಹಾಟ್‌ಸ್ವಾಪ್ ಇಲ್ಲದ ಕೀಬೋರ್ಡ್ ತರಿಸಲೇಬಾರದು ಎನ್ನುವಷ್ಟು ನಾನು ಈ ವಿಷಯದಲ್ಲಿ ಹಟಮಾರಿ. ಸಾಕೆಟ್ 5 ಪಿನ್ನಿನದಾದರೆ 3 ಪಿನ್ನಿನ ಸ್ವಿಚ್ಚೂ ಕೂರುತ್ತದೆ. ಬರೀ 3 ಪಿನ್ನಿನ ಸಾಕೆಟ್ಟಾದರೆ 5 ಪಿನ್ ಸ್ವಿಚ್ಚಿನ ಎರಡು ಪ್ಲಾಸ್ಟಿಕ್ ಕಾಲು ಕತ್ತರಿಸಬೇಕಾಗುತ್ತದೆ. ಔಟೆಮು ಸ್ವಿಚ್ಚಿಗೆಂದೇ ಮಾಡಿದ ಕಿರಿದಾದ ಸಾಕೆಟ್ಟುಗಳೂ ಅಗ್ಗದ ಕೀಬೋರ್ಡುಗಳಲ್ಲಿ ಇರುತ್ತವೆ, ಅದನ್ನೂ ಕೇಳಿಕೊಳ್ಳಿ.

‘ಕೊಡು’ ಎಂದು ಬರೆಯಲು ಎಷ್ಟು ಬೆರಳು?

ಕೀಬೋರ್ಡ್ ವಿಮರ್ಶೆ ಮಾಡುವ ಯೂಟ್ಯೂಬ್‌ನವರು ಹೇಳದ, ಕನ್ನಡದವರು ಮಾತ್ರ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನೀವು ಯಾವ ಕೀಲಿವಿನ್ಯಾಸದಲ್ಲಿ ಟೈಪಿಸುತ್ತೀರಿ? ನುಡಿಯೋ, ಇನ್‌ಸ್ಕ್ರಿಪ್ಟೋ?

ಚಿತ್ರದಲ್ಲಿ ಬಹಳ ಮುದ್ದಾಗಿ ಕಾಣುವುದು, ಕಳಿಸುವ ಖರ್ಚೂ ಕಡಿಮೆ ಬೀಳುವುದು 61 ಕೀಲಿಗಳ ಪುಟ್ಟ ಕೀಬೋರ್ಡ್. ಮಾರಾಟಗಾರರು ಅದನ್ನು ಶೇ 60ರ ಗಾತ್ರ ಎನ್ನುತ್ತಾರೆ. ಅದರಲ್ಲಿ ಬಾಣದ ಕೀಲಿಗಳಿಲ್ಲ, ಮೇಲಿನ ಎಫ್1, ಎಫ್2 ಸಾಲಿಲ್ಲ. ಎಸ್ಕೇಪ್ ಕೀಲಿ ಕೆಳಗಿಳಿದು 1ರ ಎಡಕ್ಕೆ ಬಂದು ಕೂತಿರುತ್ತದೆ. ಆ ಜಾಗ ಮಾಮೂಲಿ ಕೀಬೋರ್ಡಿನಲ್ಲಿ ಓರೆಗೀಟಿನ (`) ಕೀಲಿಯದು. ಇಂಗ್ಲಿಷ್ ಬರೆಯುವವರಿಗೆ ಅದು ವರ್ಷಕ್ಕೊಮ್ಮೆಯೂ ಬೇಕಾಗದ ಕೀಲಿ. ಇನ್‌ಸ್ಕ್ರಿಪ್ಟಿನಲ್ಲಿ ಕನ್ನಡ ಬರೆಯುವವರಿಗೆ ಹ್ರಸ್ವ ಒಕಾರದ ಗುಣಿತ ಅಲ್ಲೇ ಇದೆ. ಶಿಫ್ಟ್ ಜೊತೆ ಒತ್ತಿದರೆ ‘ಒ’ ಅಕ್ಷರ. ಅಂದರೆ ಕೊಡು, ನೋಡಿಕೊ, ಹೊಲ, ಒಂದು, ಒಳ್ಳೆಯದು ಎಂದು ಬರೆಯುವಾಗಲೆಲ್ಲ ಎಫ್‌ಎನ್ ಕೀಲಿ ಒತ್ತಿಹಿಡಿದು ಎಸ್ಕೇಪ್ ಒತ್ತಬೇಕು. ಒಂದು ಪುಟದಲ್ಲಿ ಎಷ್ಟು ಸಲ ಒಕಾರ ಬರುತ್ತದೆ ಎಂದು ಎಣಿಸಿದರೆ ಈ ಪುಟ್ಟ ಕೀಬೋರ್ಡಿನ ಮೋಹ ಇಳಿಯುತ್ತದೆ. ಇನ್‌ಸ್ಕ್ರಿಪ್ಟ್ ಬಳಸುವವರು ಬಲಗಡೆಯ ಅಂಕಿಗಳ ಗುಂಪಿಲ್ಲದ 87 ಕೀಲಿಯ ಟಿಕೆಎಲ್ ಅಥವಾ ಎಫ್ ಸಾಲು, ಬಾಣದ ಕೀಲಿ ಎರಡೂ ಉಳಿಸಿಕೊಂಡ ಶೇ 75ರ ಗಾತ್ರಕ್ಕೆ ಹೋಗುವುದು ಲೇಸು. ಶೇ 65ರಲ್ಲೂ ಎಷ್ಟೋ ಮಾದರಿಗಳು ಎಸ್ಕೇಪನ್ನು ಅದೇ ಜಾಗದಲ್ಲಿ ಕೂರಿಸುತ್ತವೆ; ಚಿತ್ರವನ್ನು ದೊಡ್ಡದು ಮಾಡಿ ನೋಡಿ.

ನುಡಿ ಬಳಸುವವರಿಗೆ ಈ ತೊಂದರೆಯಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆ ಇಂಗ್ಲಿಷಿನ 26 ಅಕ್ಷರಗಳೊಳಗೇ ಇಡೀ ವರ್ಣಮಾಲೆಯನ್ನು ಹಿಡಿಸಿದೆ. ಆದರೆ ಅಲ್ಲಿ ಇನ್ನೊಂದು ಕೀಲಿಯ ಮೇಲೆ ಭಾರ ಬೀಳುತ್ತದೆ. ದೀರ್ಘ ಸ್ವರ, ಅನುಸ್ವಾರ, ಮಹಾಪ್ರಾಣ, ಣ, ಳ, ಶ ಎಲ್ಲಕ್ಕೂ ಶಿಫ್ಟ್ ಬೇಕು. ‘ಬೆಂಗಳೂರು’ ಎಂಬ ಒಂದೇ ಪದಕ್ಕೆ ಎಂಟು ಒತ್ತು. ಅದರಲ್ಲಿ ಸೊನ್ನೆ, ಳ, ಊಕಾರ ಮೂರಕ್ಕೂ ಶಿಫ್ಟಿನ ಆಸರೆ. ಹೀಗಾಗಿ ನುಡಿಯವರು ಶಿಫ್ಟ್ ಕೀಲಿಯ ಕಡೆ ಗಮನ ಕೊಡಬೇಕು. ಅಗ್ಗದ ಕೀಬೋರ್ಡುಗಳಲ್ಲಿ ಮೊದಲು ಕೈಕೊಡುವುದು ಶಿಫ್ಟ್, ಎಂಟರ್, ಸ್ಪೇಸ್‌ಬಾರಿನಂಥ ಉದ್ದ ಕೀಲಿಗಳೇ. ಅವುಗಳ ಎರಡು ತುದಿಗೂ ತಂತಿಯಿಂದ ಕೂಡಿಸಿದ ಸ್ಟೆಬಿಲೈಸರ್ ಇರುತ್ತದೆ. ಅದಕ್ಕೆ ಸರಿಯಾಗಿ ಗ್ರೀಸ್ ಹಾಕಿರದಿದ್ದರೆ ಪ್ರತಿ ಒತ್ತಿಗೂ ಸಡಿಲ ಸ್ಕ್ರೂ ಅಲುಗಿದ ಸದ್ದು. ಟೈಪಿಂಗ್ ಸದ್ದು ಕೇಳಿಸುವ ವಿಡಿಯೊಗಳನ್ನು ನೋಡುವಾಗ ಅಕ್ಷರದ ಕೀಲಿಗಳನ್ನು ಬಿಟ್ಟು ಸ್ಪೇಸ್‌ಬಾರ್ ಮತ್ತು ಶಿಫ್ಟಿನ ಸದ್ದಿಗೆ ಕಿವಿಗೊಡಿ.

ಯುರೋಪಿನ ಐಎಸ್‌ಒ ವಿನ್ಯಾಸದ ಕೀಬೋರ್ಡುಗಳು ಕೆಲವೊಮ್ಮೆ ಅರ್ಧ ಬೆಲೆಗೆ ಕಾಣಿಸುತ್ತವೆ. ಅದರ ಎಂಟರ್ ಕೀಲಿ ಎರಡು ಸಾಲಿನ ಎತ್ತರದ್ದು, ಎಡ ಶಿಫ್ಟ್ ಮೊಟಕು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ರೂಢಿಯಾದ ಅಮೆರಿಕದ ಆನ್ಸಿ ವಿನ್ಯಾಸಕ್ಕೆ ಪಳಗಿದ ಕೈ ಇಲ್ಲಿ ಶಿಫ್ಟ್ ಎಂದು ಒತ್ತುವುದು ಇನ್ಯಾವುದೋ ಕೀಲಿಯಾಗಿರುತ್ತದೆ. ಶಿಫ್ಟನ್ನೇ ನಂಬಿದ ನುಡಿಯವರಿಗೆ ಇದು ಕಿರಿಕಿರಿಯ ಗಂಟು.

ಇನ್ನುಳಿದ ವಿವರಗಳು

ಕೀಲಿಯ ಟೊಪ್ಪಿಗೆ ಪಿಬಿಟಿ ಪ್ಲಾಸ್ಟಿಕ್ಕಾದರೆ ಬೇಗ ಎಣ್ಣೆಮಿಂಚು ಬರುವುದಿಲ್ಲ. ಎಬಿಎಸ್ ಆದರೆ ಬರುತ್ತದೆ. ಅಕ್ಷರ ಡಬಲ್‌ಶಾಟ್ ಆಗಿದ್ದರೆ, ಅಂದರೆ ಮುದ್ರಿಸದೆ ಬೇರೆ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಅಚ್ಚುಹಾಕಿದ್ದರೆ, ಅಳಿಸುವುದಿಲ್ಲ. ಸೆಕೆಂಡಿಗೆ 8,000 ಸಲ ಸಂದೇಶ ಕಳಿಸುತ್ತದೆ ಎಂಬ ಜಾಹೀರಾತು ಬರೆಯುವವರ ಪಾಲಿಗೆ ಬರೀ ಬೊಗಳೆ. ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಬಣ್ಣದ ದೀಪ ನಿಮ್ಮ ರುಚಿ.

ಬ್ಲೂಟೂತ್, 2.4 ಗಿಗಾಹರ್ಟ್ಸ್ ಡಾಂಗಲ್, ತಂತಿ ಮೂರೂ ಇರುವ ಮಾದರಿಗಳೇ ಈಗ ಹೆಚ್ಚು. ಒಂದೇ ಮೇಜಿನ ಮೇಲೆ ಬಳಸುವುದಾದರೆ ತಂತಿಯದೇ ಸಾಕು. ಬ್ಯಾಟರಿ ಇಲ್ಲದ ಪಾರ್ಸೆಲ್ ಸಾಗಿಸುವುದೂ ಸುಲಭ, ಏಕೆಂದರೆ ಲಿಥಿಯಂ ಬ್ಯಾಟರಿಯಿರುವ ಉಪಕರಣಕ್ಕೆ ವಿಮಾನ ಸಾಗಣೆಯಲ್ಲಿ ಬೇರೆಯೇ ನಿಯಮ, ಬೇರೆಯೇ ಚೀಟಿ. ಅಗ್ಗದ ಕೀಬೋರ್ಡುಗಳ ಇನ್ನೊಂದು ಗುಟ್ಟು: ಟೈಪ್-ಸಿ ಕಿಂಡಿ ಇದ್ದರೂ ಎರಡೂ ತುದಿ ಟೈಪ್-ಸಿ ಆಗಿರುವ ಕೇಬಲ್ ಹಾಕಿದರೆ ಕೆಲವು ಜೀವವನ್ನೇ ತೋರಿಸುವುದಿಲ್ಲ. ಇರಬೇಕಾದ ಎರಡು ಪುಟ್ಟ ರೆಸಿಸ್ಟರುಗಳನ್ನು ಒಳಗೆ ಹಾಕಿರುವುದಿಲ್ಲ, ಅಷ್ಟೆ. ಡಬ್ಬಿಯಲ್ಲಿ ಬಂದ ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್ಲನ್ನು ಎಸೆಯಬೇಡಿ.

ಕೀಲಿಗಳ ಕೆಲಸ ಬದಲಿಸಲು ಕ್ಯುಎಂಕೆ ಅಥವಾ ವಿಐಎ ಸೌಲಭ್ಯವಿದ್ದರೆ ಉತ್ತಮ. ಮೇಲೆ ಹೇಳಿದ ಒಕಾರದ ಸಮಸ್ಯೆಗೂ ಅದು ಮದ್ದು; ಬೇಡದ ಕೀಲಿಯೊಂದನ್ನು ಓರೆಗೀಟಾಗಿ ಬದಲಿಸಿಕೊಳ್ಳಬಹುದು. ಅದಿಲ್ಲದ ಮಾದರಿಗಳಿಗೆ ತಯಾರಕರ ಸ್ವಂತ ತಂತ್ರಾಂಶ ಇರುತ್ತದೆ, ಬಹುತೇಕ ವಿಂಡೋಸ್‌ಗೆ ಮಾತ್ರ. ಐಟಿ ಕಂಪನಿಯ ಲ್ಯಾಪ್‌ಟಾಪಿಗೆ ಜೋಡಿಸುವವರು ಅಂಥದ್ದನ್ನು ಅಳವಡಿಸುವ ಮೊದಲು ಕಂಪನಿಯ ಭದ್ರತಾ ವಿಭಾಗವನ್ನು ಕೇಳಿ. ಅಪರಿಚಿತ ಯುಎಸ್‌ಬಿ ಡಾಂಗಲ್ಲನ್ನೇ ತಡೆಯುವ ಕಂಪನಿಗಳೂ ಇವೆ.

ಯಾರಿಂದ ಕೊಳ್ಳುವುದು

ಅಗ್ಗದ ಚೀನೀ ಸಾಮಾನಿಗೆ ಒಂದು ಕಾಲದಲ್ಲಿ ಎಲ್ಲರೂ ಹೋಗುತ್ತಿದ್ದ ಅಲಿಎಕ್ಸ್‌ಪ್ರೆಸ್ ಆ್ಯಪನ್ನು ಕೇಂದ್ರ ಸರ್ಕಾರ 2020ರ ನವೆಂಬರ್ 24ರಂದು ಇನ್ನೂ 42 ಆ್ಯಪ್‌ಗಳ ಜೊತೆ ನಿರ್ಬಂಧಿಸಿತು. ಅಡ್ಡದಾರಿ ಹಿಡಿದು ಅಲ್ಲಿಂದ ತರಿಸುವ ಸಲಹೆಗಳು ಈಗಲೂ ಸಿಗುತ್ತವೆ. ಹಣ ಹೋದರೆ ದೂರು ಕೊಡಲು ಬಾಗಿಲೇ ಇಲ್ಲದ ದಾರಿ ಅದು. ಉಳಿದಿರುವ ದಾರಿಗಳು: ತಯಾರಕರ ಸ್ವಂತ ಜಾಲತಾಣ, ದೊಡ್ಡ ಮಾರುಕಟ್ಟೆ ತಾಣಗಳ ಅಂತರರಾಷ್ಟ್ರೀಯ ವಿಭಾಗ, ಮತ್ತು ಕೀಬೋರ್ಡುಗಳನ್ನೇ ಮಾರುವ ಹೊರದೇಶದ ಸಣ್ಣ ಅಂಗಡಿಗಳು.

ತಯಾರಕರ ತಾಣದ ಹೆಸರನ್ನೇ ಹೋಲುವ ನಕಲಿ ತಾಣಗಳು ಬೇಕಾದಷ್ಟಿವೆ. ಸಾಮಾಜಿಕ ಜಾಲತಾಣದ ಜಾಹೀರಾತನ್ನು ಒತ್ತಿ ಹೋಗುವ ಬದಲು ತಯಾರಕರ ಅಧಿಕೃತ ಪುಟದಿಂದ ಕೊಂಡಿ ಹಿಡಿದು ಹೋಗಿ. ಎಲ್ಲ ಮಾದರಿಗೂ ಶೇ 80 ರಿಯಾಯಿತಿ ಎಂದರೆ ಅದು ಅಂಗಡಿಯಲ್ಲ, ಬಲೆ. ‘ಇನ್ ಸ್ಟಾಕ್’ ಮತ್ತು ‘ಪ್ರೀ ಆರ್ಡರ್’ ನಡುವಿನ ವ್ಯತ್ಯಾಸವನ್ನೂ ಗಮನಿಸಿ. ಗ್ರೂಪ್ ಬೈ ಎಂಬ ಪದ್ಧತಿಯಲ್ಲಿ ಮೊದಲು ಎಲ್ಲರಿಂದ ಹಣ ಕೂಡಿಸಿ ಆಮೇಲೆ ತಯಾರಿಸುತ್ತಾರೆ. ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಅಂಗಡಿಯೇ ಮುಚ್ಚಿದ ನಿದರ್ಶನಗಳಿವೆ. ಅಗ್ಗದ ಕೀಬೋರ್ಡ್ ಹುಡುಕುವವರಿಗೆ ಆ ಸಹವಾಸವೇ ಬೇಡ. ಜನವರಿ ಕೊನೆಯಿಂದ ಫೆಬ್ರುವರಿ ತನಕ ಬರುವ ಚೀನೀ ಹೊಸ ವರ್ಷದ ಹೊತ್ತಿಗೆ ಅಲ್ಲಿನ ಕಾರ್ಖಾನೆ, ಗೋದಾಮು ಎಲ್ಲ ಮುಚ್ಚಿರುತ್ತವೆ. ಆಗ ಆರ್ಡರ್ ಮಾಡಿ ವಾರವಿಡೀ ಟ್ರ್ಯಾಕಿಂಗ್ ನೋಡುತ್ತ ಕೂರುವುದಕ್ಕಿಂತ ನವೆಂಬರ್ 11ರ ಮಾರಾಟದ ರಿಯಾಯಿತಿ ಹಿಡಿಯುವುದು ಜಾಣತನ.

ಹಣ ಕಟ್ಟಲು ಕ್ರೆಡಿಟ್ ಕಾರ್ಡ್ ಬಳಸಿ. ಸಾಮಾನು ಬಾರದಿದ್ದರೆ ಬ್ಯಾಂಕಿಗೆ ತಕರಾರು ಹಾಕಿ ಹಣ ವಾಪಸ್ ಕೇಳಲು ಅವಕಾಶವಿರುತ್ತದೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹಾಕಿ, ಕೊಂಡ ಮೇಲೆ ಮತ್ತೆ ಮುಚ್ಚಿಬಿಡಿ. ಎಷ್ಟೋ ವಿದೇಶಿ ತಾಣಗಳು ಒಟಿಪಿ ಕೇಳುವುದೇ ಇಲ್ಲ, ಆದ್ದರಿಂದ ಮುಚ್ಚುವುದನ್ನು ಮರೆಯಬಾರದು. ‘ರೂಪಾಯಿಯಲ್ಲೇ ಕಟ್ಟುತ್ತೀರಾ’ ಎಂದು ತಾಣ ಕೇಳಿದರೆ ಬೇಡ ಎನ್ನಿ. ಅವರ ವಿನಿಮಯ ದರ ಸಾಮಾನ್ಯವಾಗಿ ಬ್ಯಾಂಕಿನ ದರಕ್ಕಿಂತ ದುಬಾರಿ.

ನಿಜವಾದ ಬೆಲೆ

ಈಗ ಲೆಕ್ಕಕ್ಕೆ ಬರೋಣ. ಕೀಬೋರ್ಡಿಗೆ 4,200 ರೂಪಾಯಿ, ಸಾಗಣೆಗೆ 800, ಒಟ್ಟು 5,000 ಎಂದಿಟ್ಟುಕೊಳ್ಳಿ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಶೇ 3.5 ಆದರೆ 175 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಸುಮಾರು 206. ಇಲ್ಲಿಯ ತನಕ ತಕರಾರಿಲ್ಲ.

ಕಸ್ಟಮ್ಸ್ ಬಾಗಿಲಲ್ಲಿ ಲೆಕ್ಕ ಎರಡಾಗಿ ಕವಲೊಡೆಯುತ್ತದೆ. ತೆರಿಗೆ ಬೀಳುವುದು ಸಾಮಾನಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆಯನ್ನೂ ಕೂಡಿಸಿದ ಮೊತ್ತದ ಮೇಲೆ. ಕೀಬೋರ್ಡ್ ಎಂಬುದು ಕಂಪ್ಯೂಟರ್ ಮತ್ತು ಅದರ ಘಟಕಗಳ 8471ನೇ ಶೀರ್ಷಿಕೆಗೆ ಸೇರುತ್ತದೆ. ಮಾಹಿತಿ ತಂತ್ರಜ್ಞಾನ ವಸ್ತುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1997ರಲ್ಲಿ ಭಾರತ ಸೇರಿದ್ದರಿಂದ ಇದಕ್ಕೆ ಮೂಲ ಆಮದು ಸುಂಕವಿಲ್ಲ, ಬರೀ ಶೇ 18 ಐಜಿಎಸ್‌ಟಿ. ಈ ಲೆಕ್ಕದಲ್ಲಿ ವಿಮೆಯ ಚಿಲ್ಲರೆ ಬಿಟ್ಟರೆ 900 ರೂಪಾಯಿ. ಆದರೆ ಮನೆಗೆ ಬರುವ ಪಾರ್ಸೆಲ್ಲನ್ನು ಕೊರಿಯರಿನವರು ‘ಸ್ವಂತ ಬಳಕೆಯ ವಸ್ತು’ ಎಂಬ 9804ನೇ ಶೀರ್ಷಿಕೆಯಡಿ ತೋರಿಸಿಬಿಟ್ಟರೆ ಕತೆ ಬೇರೆ. ಕೆಲವು ವರ್ಷಗಳ ಹಿಂದೆ ಆ ಶೀರ್ಷಿಕೆಯಡಿ ಶೇ 35 ಮೂಲ ಸುಂಕ, ಆ ಸುಂಕದ ಮೇಲೆ ಶೇ 10 ಸರ್‌ಚಾರ್ಜ್, ಎಲ್ಲದರ ಮೇಲೆ ಶೇ 28 ಐಜಿಎಸ್‌ಟಿ ಸೇರಿ ಶೇ 77.28 ಆಗುತ್ತಿತ್ತು. ಅದೇ 5,000ಕ್ಕೆ 3,864 ರೂಪಾಯಿ! ಆಮೇಲಿನ ಬಜೆಟ್‌ಗಳಲ್ಲಿ ಈ ಸುಂಕ ಇಳಿದಿದೆ. ಆದರೂ ಎರಡು ಶೀರ್ಷಿಕೆಗಳ ದರ ಒಂದೇ ಎಂದುಕೊಳ್ಳಬೇಡಿ. ಆರ್ಡರ್ ಮಾಡುವ ವಾರದಲ್ಲಿ ಚಾಲ್ತಿಯಲ್ಲಿರುವ ದರವನ್ನು ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ತಾಣದಲ್ಲಿ ನೋಡಿಕೊಳ್ಳಿ. ಪಾರ್ಸೆಲ್ ಭಾರತಕ್ಕೆ ಇಳಿಯುವ ಮೊದಲೇ ಕೊರಿಯರಿನವರಿಗೆ ಇಮೇಲ್ ಬರೆದು, ಬಿಲ್ ಲಗತ್ತಿಸಿ, ಇದನ್ನು ಯಾವ ಶೀರ್ಷಿಕೆಯಡಿ ಸಲ್ಲಿಸುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ. ಸುಂಕ ಕಟ್ಟಿದ ಮೇಲೆ ತಿದ್ದಿಸುವುದು ಹರಸಾಹಸ.

ಇದಲ್ಲದೆ ಕೊರಿಯರ್ ಕಂಪನಿ ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ, ಕಡತ ಸಲ್ಲಿಸಿದ್ದಕ್ಕೆ ಎಂದು ಸೇವಾ ಶುಲ್ಕ ಹಾಕುತ್ತದೆ. ಸಣ್ಣ ಪಾರ್ಸೆಲ್ಲಿಗೆ ಇದೇ ಉರಿ. ಅಂಚೆಯ ಮೂಲಕ ಬಂದರೆ ವಿದೇಶಿ ಅಂಚೆ ಕಚೇರಿಯಲ್ಲಿ ಸುಂಕ ನಿಗದಿಯಾಗಿ, ಮನೆಗೆ ತರುವಾಗ ಪೋಸ್ಟ್‌ಮ್ಯಾನ್ ವಸೂಲು ಮಾಡುತ್ತಾರೆ. ಅಲ್ಲಿ ಶುಲ್ಕ ಕಡಿಮೆ, ತಾಳ್ಮೆಯ ಖರ್ಚು ಹೆಚ್ಚು. ಸುಂಕವನ್ನೆಲ್ಲ ಮಾರಾಟಗಾರರೇ ಕಟ್ಟುವ ಡಿಡಿಪಿ ಆಯ್ಕೆ ಸಿಕ್ಕರೆ, ಬೆಲೆ ತುಸು ಹೆಚ್ಚಾದರೂ ನಾನು ಅದನ್ನೇ ಆರಿಸುವೆ.

ತೂಕದ ವಿಷಯ ಒಂದು ಮಾತು. ಎಕ್ಸ್‌ಪ್ರೆಸ್ ಕೊರಿಯರಿನವರು ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದುಡ್ಡು ಕೇಳುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಗಾತ್ರದ ತೂಕ. 38, 18, 6ರ ಪುಟ್ಟ ಡಬ್ಬಿ 0.82 ಕೆ.ಜಿ. ಎನಿಸಿದರೆ, ಪೂರ್ಣ ಗಾತ್ರದ ಕೀಬೋರ್ಡನ್ನು 50, 22, 10ರ ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ 2.2 ಕೆ.ಜಿ. ಆಗುತ್ತದೆ. ಅಲ್ಯೂಮಿನಿಯಂ ಮೈಯ ಕೀಬೋರ್ಡಿಗಂತೂ ನಿಜ ತೂಕವೇ ಭಾರ.

‘ಗಿಫ್ಟ್ ಎಂದು ಬರೆದು ಕಳಿಸುತ್ತೇವೆ’ ಎಂದು ಮಾರಾಟಗಾರರು ಧಾರಾಳ ತೋರಿಸಿದರೆ ಹಿಗ್ಗಬೇಡಿ. ಉಡುಗೊರೆಗಳಿಗೆ 5,000 ರೂಪಾಯಿ ತನಕ ಇದ್ದ ರಿಯಾಯಿತಿಯ ದಾರಿಯನ್ನು 2019ರ ಡಿಸೆಂಬರಿನಲ್ಲೇ ಮುಚ್ಚಲಾಗಿದೆ. ರಾಖಿ ಮತ್ತು ಜೀವರಕ್ಷಕ ಔಷಧಿಗಳಿಗಷ್ಟೇ ವಿನಾಯಿತಿ. ಬೆಲೆ ಕಡಿಮೆ ನಮೂದಿಸುವುದೂ ಬೇಡ. ಅಧಿಕಾರಿಗಳು ಪಾವತಿಯ ದಾಖಲೆ ಕೇಳಬಹುದು. ಪಾರ್ಸೆಲ್ ಕಳೆದುಹೋದರೆ ಪರಿಹಾರ ಸಿಗುವುದು ನಮೂದಿಸಿದ ಬೆಲೆಗೆ ತಕ್ಕಂತೆ. ಹಾಗೆಯೇ ಗೆಳೆಯರಿಗೆಲ್ಲ ಸೇರಿಸಿ ನಾಲ್ಕೈದು ಒಟ್ಟಿಗೆ ತರಿಸಿದರೆ ಅದು ವ್ಯಾಪಾರದ ಸರಕಿನಂತೆ ಕಾಣುತ್ತದೆ. ಆಗ ಆಮದುದಾರರ ಸಂಖ್ಯೆ, ಬಿಐಎಸ್ ನೋಂದಣಿ ಎಂದೆಲ್ಲ ಪ್ರಶ್ನೆಗಳು ಏಳುತ್ತವೆ.

ಹೊರದೇಶದಲ್ಲಿರುವ ಅಣ್ಣನೋ ಅತ್ತಿಗೆಯೋ ಊರಿಗೆ ಬರುವಾಗ ಹಿಡಿದು ಬಂದರೆ ಈ ರಗಳೆ ಬಹುಪಾಲು ಇಲ್ಲ. ಪ್ರಯಾಣಿಕರ ಸುಂಕರಹಿತ ಮಿತಿಯೊಳಗೆ ಇಂಥದ್ದೊಂದು ಸಲೀಸಾಗಿ ಅಡಗುತ್ತದೆ. ಬ್ಯಾಟರಿಯಿದ್ದರೆ ಕೈಚೀಲದಲ್ಲಿಡಲು ಹೇಳಿ. ಆದರೆ ಅಮೆರಿಕದಲ್ಲಿರುವವರಿಗೂ ಚೀನಾದಿಂದ ತರಿಸುವುದು ಮೊದಲಿನಷ್ಟು ಅಗ್ಗವಲ್ಲ. 800 ಡಾಲರ್ ಒಳಗಿನ ಪಾರ್ಸೆಲ್ಲಿಗಿದ್ದ ಸುಂಕ ವಿನಾಯಿತಿ ಚೀನಾದ ಮಟ್ಟಿಗೆ 2025ರ ಮೇ 2ರಂದು ಕೊನೆಗೊಂಡಿತು. ಅಲ್ಲಿನ ಅಂಗಡಿಯಲ್ಲೇ ಇರುವುದನ್ನು ಕೊಂಡು ತರಲು ಹೇಳುವುದು ವಾಸಿ.

ಕಸ್ಟಮ್ಸ್ ಹೆಸರಿನ ಕರೆ

ಪಾರ್ಸೆಲ್ ದಾರಿಯಲ್ಲಿರುವಾಗ ಮನಸ್ಸು ಅದರ ಮೇಲೇ ಇರುತ್ತದೆ. ವಂಚಕರಿಗೆ ಬೇಕಾದದ್ದೂ ಅದೇ. ‘ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ಈ ಕೊಂಡಿ ಒತ್ತಿ 49 ರೂಪಾಯಿ ಕಟ್ಟಿ’ ಎಂಬ ಸಂದೇಶ ಬಂದರೆ ಒತ್ತಬೇಡಿ. ‘ನಿಮ್ಮ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆಯಲ್ಲೇ ಇರಿ’ ಎಂದು ಹೆದರಿಸಿ ದುಡ್ಡು ಕೀಳುವ ಡಿಜಿಟಲ್ ಅರೆಸ್ಟ್ ಜಾಲಕ್ಕೆ ಓದಿಕೊಂಡವರೇ ಬೆಂಗಳೂರಿನಲ್ಲಿ ಬಿದ್ದಿದ್ದಾರೆ. ಕಸ್ಟಮ್ಸ್ ಇಲಾಖೆ ಯಾರ ಖಾಸಗಿ ಖಾತೆಗೂ ಹಣ ಹಾಕಲು ಹೇಳುವುದಿಲ್ಲ. ಇಲಾಖೆಯ ಅಧಿಕೃತ ಪತ್ರದಲ್ಲಿ ‘ಡಿಐಎನ್’ ಎಂಬ ಗುರುತು ಸಂಖ್ಯೆ ಇರುತ್ತದೆ. ಅದು ಅಸಲಿಯೇ ಎಂದು ಮಂಡಳಿಯ ತಾಣದಲ್ಲಿ ಪರೀಕ್ಷಿಸಬಹುದು. ಕೊರಿಯರಿನವರು ಕೆವೈಸಿಗೆಂದು ಆಧಾರ್ ಅಥವಾ ಪ್ಯಾನ್ ಕೇಳುವುದು ನಿಜ. ಆದರೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಪರಿಚಿತ ಸಂಖ್ಯೆಗೆ ಕಳಿಸದೆ, ಟ್ರ್ಯಾಕಿಂಗ್ ಸಂಖ್ಯೆ ಹಾಕಿ ಕೊರಿಯರಿನ ಅಧಿಕೃತ ತಾಣದಲ್ಲೇ ಸೇರಿಸಿ. ಹಣ ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಡಬ್ಬಿ ಬಂದ ದಿನ

ಫೋನನ್ನು ಎಲ್ಲಿಯಾದರೂ ಆನಿಸಿಟ್ಟು, ಪಾರ್ಸೆಲ್ಲಿನ ವಿಳಾಸದ ಚೀಟಿಯಿಂದ ಹಿಡಿದು ಕೀಬೋರ್ಡ್ ಹೊರಬರುವ ತನಕ ಒಂದೇ ವಿಡಿಯೊ ಮಾಡಿ. ಮಾರಾಟಗಾರರೊಂದಿಗಿನ ಜಗಳದಲ್ಲಿ ನಿಮ್ಮ ಕೈಯಲ್ಲಿರುವ ಸಾಕ್ಷಿ ಇದೊಂದೇ. ಆಮೇಲೆ ಆನ್‌ಲೈನ್ ಕೀ ಟೆಸ್ಟರ್ ತೆರೆದು ಪ್ರತಿ ಕೀಲಿಯನ್ನೂ ಒತ್ತಿ.

ಒಂದೆರಡು ಕೀಲಿ ಕೆಲಸ ಮಾಡದಿದ್ದರೆ ಕೂಡಲೇ ಸಿಟ್ಟಿಗೇಳಬೇಡಿ. ಹಾಟ್‌ಸ್ವಾಪ್ ಆದರೆ ಜೊತೆಗೆ ಬಂದ ಇಕ್ಕಳದಿಂದ ಆ ಸ್ವಿಚ್ಚಿನ ಮೇಲಂಚು ಕೆಳಅಂಚು ಒತ್ತಿಹಿಡಿದು ನೆಟ್ಟಗೆ ಎಳೆಯಿರಿ. ಅಡಿಯಲ್ಲಿ ಎರಡು ತಾಮ್ರದ ಕಾಲುಗಳಿರುತ್ತವೆ; ಅವುಗಳಲ್ಲಿ ಒಂದು ಮಡಚಿ ತಳಕ್ಕೆ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಕಾರ್ಖಾನೆಯ ಅವಸರದ ಕೆಲಸ. ಹುಬ್ಬು ಕೀಳುವ ಚಿಮಟದಿಂದ ಮೆಲ್ಲಗೆ ನೇರ ಮಾಡಿ, ಕೀಬೋರ್ಡಿನ ಅಡಿಗೆ ಒಂದು ಕೈ ಆನಿಸಿಕೊಂಡು, ಸ್ವಿಚ್ಚನ್ನು ನೇರವಾಗಿ ಒತ್ತಿ ಕೂರಿಸಿ. ಅಡಿಯ ಆಸರೆ ಇಲ್ಲದೆ ಒತ್ತಿದರೆ ಸಾಕೆಟ್ಟೇ ಕಿತ್ತುಬರುವುದುಂಟು. ಅದಕ್ಕೆ ಬೆಸುಗೆಯೇ ಗತಿ. ಒಮ್ಮೆ ಒತ್ತಿದರೆ ಎರಡು ಅಕ್ಷರ ಬೀಳುತ್ತಿದ್ದರೆ ಆ ಸ್ವಿಚ್ಚನ್ನು ಬೇರೆ ಜಾಗದ ಸ್ವಿಚ್ಚಿನೊಂದಿಗೆ ಅದಲುಬದಲು ಮಾಡಿ ನೋಡಿ. ದೋಷ ಸ್ವಿಚ್ಚಿನ ಜೊತೆ ಹೋಯಿತೆಂದರೆ ಹೊಸ ಸ್ವಿಚ್ ಹಾಕಿದರೆ ಮುಗಿಯಿತು. ಅದೇ ಜಾಗದಲ್ಲಿ ಉಳಿದರೆ ಬೋರ್ಡೇ ಹಾಳು. ಎರಡನೆಯದಾದರೆ ವಿಡಿಯೊ ಸಮೇತ ಮಾರಾಟಗಾರರಿಗೆ ಬರೆಯಿರಿ. ಭಾರತದಿಂದ ವಾಪಸ್ ತರಿಸಿಕೊಳ್ಳುವುದು ಅವರಿಗೂ ದುಬಾರಿಯಾದ್ದರಿಂದ ಒಳಗಿನ ಬೋರ್ಡನ್ನಷ್ಟೇ ಕಳಿಸುವುದೋ, ಭಾಗಶಃ ಹಣ ಮರಳಿಸುವುದೋ ಮಾಡುತ್ತಾರೆ. ಸ್ಪಂದಿಸದಿದ್ದರೆ ಬ್ಯಾಂಕಿನ ಗಡುವು ಮೀರುವ ಮೊದಲೇ ಕಾರ್ಡ್ ತಕರಾರು ಹಾಕಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಪು: ಮೊದಲ ಮೆಕ್ಯಾನಿಕಲ್ ಕೀಬೋರ್ಡನ್ನು ದೇಶದೊಳಗೇ ಕೊಳ್ಳಿ. ಕೀಕ್ರಾನ್, ರೆಡ್ರಾಗನ್, ಔಲಾದಂಥ ಚೀನೀ ಹೆಸರುಗಳೇ ಇಲ್ಲಿನ ಮಾರಾಟಗಾರರ ಬಳಿ ಬಿಲ್ಲು, ವಾರಂಟಿ ಸಮೇತ ಸಿಗುತ್ತವೆ. ಕೀಬೋರ್ಡ್, ಸಾಗಣೆ, ಕಾರ್ಡ್ ಶುಲ್ಕ, ಸುಂಕ, ಕೊರಿಯರ್ ಶುಲ್ಕ ಐದನ್ನೂ ಕೂಡಿಸಿ. ಇಲ್ಲಿನ ಬೆಲೆಗಿಂತ ಕಾಲುಭಾಗವಾದರೂ ಕಡಿಮೆ ಬರದಿದ್ದರೆ ವಿದೇಶದ ಉಸಾಬರಿ ದಂಡ. ಕೈಗೆ ಯಾವುದು ಹಿಡಿಸುತ್ತದೆ ಎಂದು ಖಚಿತವಾಗಿ ಗೊತ್ತಿದ್ದು, ಆ ಮಾದರಿ ಇಲ್ಲಿ ಸಿಗುತ್ತಲೇ ಇಲ್ಲ ಎಂದಾದಾಗ ಮಾತ್ರ ಹೊರಗಿನಿಂದ ತರಿಸಿ. ತರಿಸಿದರೆ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ಕೊರಿಯರಿನವರಿಂದ ಕೇಳಿ ಪಡೆದು ವಾರಂಟಿ ಮುಗಿಯುವ ತನಕ ಇಟ್ಟುಕೊಳ್ಳಿ. ಹೆಚ್ಚು ಸುಂಕ ಬಿದ್ದಿದೆ ಎಂದು ಪ್ರಶ್ನಿಸಲು ಅದಿಲ್ಲದೆ ಆಗುವುದಿಲ್ಲ.